ಗೃಹಜ್ಯೋತಿ ಸಾಕಾ, ಮನೆ ಮೇಲೆ ಸೋಲಾರ್ ಬೇಕಾ?

ಕರ್ನಾಟಕ ಸರ್ಕಾರ 2023ರಲ್ಲಿ ತಂದ ಗೃಹಜ್ಯೋತಿಗೆ ಕೈಯಿಂದ ದುಡ್ಡು ಹಾಕಬೇಕಿಲ್ಲ. ಬಾಡಿಗೆ ಮನೆಯವರಿಗೂ ಸಿಗುತ್ತದೆ. ನಿಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಜಾಸ್ತಿಯವರೆಗೆ ಕರೆಂಟ್ ಉಚಿತ. ಆದರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಎಸಿ ಹಾಕುವವರಿಗೆ ಇದು ತಲೆನೋವು.

ಸೋಲಾರ್‌ಗೆ ಸ್ವಂತ ಚಾವಣಿ ಬೇಕು, ಮೊದಲು ಖರ್ಚೂ ಆಗುತ್ತದೆ. 2024ರಿಂದ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಹಣ ದಿಲ್ಲಿಯದ್ದಾದರೂ, ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಕೊಟ್ಟರೆ ಸಿಗುವ ದರ ನಿಗದಿ ಮಾಡುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದನ್ನು ಕೇಳಿಕೊಂಡೇ ಲೆಕ್ಕ ಹಾಕಿ.

ಬಳಕೆ 100 ಯೂನಿಟ್ ಒಳಗಿದ್ದರೆ ಸುಮ್ನೆ ಗೃಹಜ್ಯೋತಿಯಲ್ಲೇ ಇರಿ. ಪ್ರತಿ ತಿಂಗಳೂ 250 ದಾಟುತ್ತಿದ್ದರೆ ನನ್ನ ಓಟು ಸೋಲಾರ್‌ಗೆ.