ದಡದ ಕರೆಂಟಿಗೆ ದೋಣಿಯನ್ನು ಜೋಡಿಸುವ ಮುನ್ನ ಇದನ್ನು ಓದಿ

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಪರದೇಶದ ಬಂದರುಗಳಲ್ಲಿ ತಂಗುವ ದಂಪತಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿರುಗಾಳಿಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಮ್ಮ ದೋಣಿ ಮುಳುಗುವ ಹಂತಕ್ಕೆ ಬಂದದ್ದು ಮಾತ್ರ ಮರೀನಾದಲ್ಲಿ, ಅಂದರೆ ದೋಣಿಗಳ ತಂಗುಕಟ್ಟೆಯಲ್ಲಿ, ಹಗ್ಗ ಕಟ್ಟಿ ನಿಂತಿದ್ದಾಗ, ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ.

ಮೊದಲ ಮೂರು ತಿಂಗಳು ಲಂಗರು ಹಾಕಿಕೊಂಡೇ ಕಳೆದಿದ್ದೆವು. ಸೌರಫಲಕ ಕೊಟ್ಟಷ್ಟೇ ವಿದ್ಯುತ್ತು. ಮೋಡ ಕವಿದರೆ ಫ್ರಿಜ್ ಬಂದ್. ಇಕ್ಕಟ್ಟು, ಸೆಕೆ, ಮಾತುಮಾತಿಗೆ ಮುನಿಸು. ಹಾಗಾಗಿ ಮರೀನಾದಲ್ಲಿ ಜಾಗ ಸಿಕ್ಕಿ, ದಡದ ಕಂಬದಿಂದ ದೋಣಿಗೆ ಕೇಬಲ್ ಎಳೆದ ದಿನ ನಮಗೆ ಹಬ್ಬ. ರಾತ್ರಿಯಿಡೀ ಫ್ಯಾನು ತಿರುಗಿತು. ಹತ್ತು ವಾರ ಆ ಕೇಬಲನ್ನು ಕಿತ್ತೇ ಇರಲಿಲ್ಲ.

ಆ ಬೆಳಿಗ್ಗೆ ಸಿಂಕಿನ ನೀರು ಹೊರಹೋಗುವ ಸೀಕಾಕನ್ನು (ದೋಣಿಯ ಒಡಲಿನ ತೂತಿಗೆ ಕೂರಿಸಿದ ನಲ್ಲಿಯಂಥ ಕವಾಟ) ಮುಚ್ಚಲು ಹಿಡಿಯನ್ನು ತಿರುಗಿಸಿದೆ. ಬಿಗಿಯಿತ್ತು, ಸ್ವಲ್ಪ ಒತ್ತಿದೆ. ಸೀಮೆಸುಣ್ಣ ಮುರಿದಂತೆ ಹಿತ್ತಾಳೆಯ ತುಂಡು ಇಡಿಯಾಗಿ ಕೈಗೆ ಬಂತು. ಅದರ ಹಿಂದೆಯೇ ಸಮುದ್ರ. ಅಂಗೈಯಿಂದ ತೂತನ್ನು ಅದುಮಿ ಹಿಡಿದು "ಬೇಗ ಬನ್ನಿ, ನೀರು ನುಗ್ಗುತ್ತಿದೆ!" ಎಂದು ಕೂಗಿದೆ. ಮರದ ಬಿರಡೆ ನಮ್ಮಲ್ಲಿತ್ತು, ಆದರೆ ಹಾಸಿಗೆಯ ಕೆಳಗಿನ ಪೆಟ್ಟಿಗೆಯ ತಳದಲ್ಲಿ. ನನ್ನವರು ಅದನ್ನು ಹುಡುಕಿ ತಂದು ಸುತ್ತಿಗೆಯಿಂದ ಬಡಿದು ಕೂರಿಸುವಷ್ಟರಲ್ಲಿ ನೆಲಹಲಗೆಯ ಮೇಲೆ ನೀರು ಆಡುತ್ತಿತ್ತು. ಅರ್ಧ ಮೀಟರ್ ಆಳದಲ್ಲಿ 25 ಮಿಲಿಮೀಟರ್ ತೂತಾದರೆ ನಿಮಿಷಕ್ಕೆ 50 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ನಾವಿಬ್ಬರೂ ಪೇಟೆಗೆ ಹೋಗಿದ್ದಾಗ ಅದು ತಾನಾಗಿಯೇ ಕಳಚಿದ್ದರೆ? ಈಗಲೂ ನಿದ್ದೆಯಲ್ಲಿ ಬೆಚ್ಚಿ ಏಳುತ್ತೇನೆ.

ಮುರಿದ ಅಂಚು ಹಳದಿಯಾಗಿರಲಿಲ್ಲ, ಗುಲಾಬಿಯಾಗಿತ್ತು. ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಟೊಳ್ಳು ತಾಮ್ರ ಉಳಿದಿತ್ತು. ದೋಣಿಯನ್ನು ಮೇಲೆತ್ತಿಸಿದಾಗ ಪ್ರೊಪೆಲ್ಲರಿಗೂ ಅದೇ ಬಣ್ಣ ಬಂದಿತ್ತು. ಮೆಕ್ಯಾನಿಕ್ ತಟ್ಟಿ ತೋರಿಸಿದರು: ಖಣ್ ಎನ್ನಬೇಕಾದದ್ದು ಮಣ್ಣಿನ ಹೆಂಟೆಯಂತೆ ದಬ್ ಎಂದಿತು. ಉಳಿದ ಲೋಹದ ಬದಲು ತಾನು ಸವೆಯಲೆಂದೇ ಕೂರಿಸುವ ಸತುವಿನ ತುಂಡಿಗೆ ಆನೋಡ್ ಎನ್ನುತ್ತಾರೆ. ವರ್ಷ ಬಾಳಬೇಕಿದ್ದ ಅದು ಬೆರಳ ತುದಿಯಷ್ಟಾಗಿತ್ತು.

ಕಾರಣ ಆ ಕೇಬಲಿನ ಅರ್ಥಿಂಗ್ ತಂತಿ. ಅದು ನಮ್ಮ ದೋಣಿಯ ನೀರಿನಡಿಯ ಲೋಹವನ್ನು ಅಕ್ಕಪಕ್ಕದ ದೋಣಿಗಳ ಲೋಹಕ್ಕೂ ಮರೀನಾದ ಉಕ್ಕಿಗೂ ಬೆಸೆದುಬಿಡುತ್ತದೆ. ನಡುವೆ ಉಪ್ಪುನೀರು. ಅಲ್ಲಿಗೆ ಇಡೀ ಮರೀನಾವೇ ಒಂದು ಬ್ಯಾಟರಿ. ನಮ್ಮ ಆನೋಡ್ ಊರವರ ಲೋಹವನ್ನೆಲ್ಲ ಕಾಯುತ್ತಾ ಸವೆಯಿತು. ಅದು ಮುಗಿದ ಮೇಲೆ ಸರದಿ ನಮ್ಮದೇ ಹಿತ್ತಾಳೆಯದು. ಸೀಕಾಕ್ ಮೊದಲೇ ದುರ್ಬಲವಾಗಿದ್ದಿರಬೇಕು. 1994ರ ಐಎಸ್‌ಒ 9093 ಅಂತರರಾಷ್ಟ್ರೀಯ ಮಾನದಂಡಕ್ಕೆ ಇಂಥ ಜೋಡಣೆ ಐದು ವರ್ಷ ತುಕ್ಕಿಗೆ ಬಗ್ಗದಿದ್ದರೆ ಸಾಕಿತ್ತು. ಜನ ಮಲಗುವ ದೋಣಿಗೆ ಐದೇ ವರ್ಷ! ನನಗೆ ಇದು ಅಕ್ಷಮ್ಯ ಎನಿಸುತ್ತದೆ. ಬದಲಿಸುವಾಗ ಕಂಚಿನದ್ದನ್ನೋ ಸತು ಕರಗದಂತೆ ತಯಾರಿಸಿದ ಡಿಝಡ್‌ಆರ್ ಹಿತ್ತಾಳೆಯದ್ದನ್ನೋ ಕೇಳಿ ಪಡೆಯಿರಿ.

ಮರೀನಾದ ಕಚೇರಿಯಲ್ಲಿ "ಎಲ್ಲರೂ ಹೀಗೆಯೇ ಜೋಡಿಸುತ್ತಾರೆ" ಎಂದರು. ನಂಬಬೇಡಿ. ಕೇಬಲ್ ಒಳಬರುವ ಜಾಗದಲ್ಲೇ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ; ಅರ್ಥಿಂಗನ್ನು ಕಡಿಯದೆ, ಲೋಹ ತಿನ್ನುವ ಸಣ್ಣ ಕರೆಂಟನ್ನಷ್ಟೇ ಅದು ತಡೆಯುತ್ತದೆ. ಕೈಯಲ್ಲಿ ಹಣವಿದ್ದರೆ, ದಡಕ್ಕೂ ದೋಣಿಗೂ ತಂತಿಯ ನಂಟೇ ಇಲ್ಲದೆ ವಿದ್ಯುತ್ ದಾಟಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇನ್ನೂ ಮೇಲು. ಬ್ಯಾಟರಿ ತುಂಬಿದ ಮೇಲೆ ಕೇಬಲ್ ಕಿತ್ತಿಡಿ. ಆನೋಡ್ ಅರ್ಧ ಸವೆದ ಕೂಡಲೇ ಬದಲಿಸಿ. ಬಿರಡೆಯನ್ನು ಪ್ರತಿ ಸೀಕಾಕಿಗೂ ದಾರದಿಂದ ಕಟ್ಟಿಡಿ.

ಪಕ್ಕದ ದೋಣಿಯವರೊಬ್ಬರು ಅರ್ಥಿಂಗ್ ತಂತಿಯನ್ನೇ ಕತ್ತರಿಸಿಬಿಡಿ ಎಂದರು. ದಯವಿಟ್ಟು ಹಾಗೆ ಮಾಡಲೇಬೇಡಿ. ದೋಣಿಯೊಳಗೆ ಎಲ್ಲಾದರೂ ವಿದ್ಯುತ್ ಸೋರಿದರೆ ಅದು ದಡಕ್ಕೆ ಮರಳಲು ತಂತಿಯ ಬದಲು ನೀರನ್ನೇ ಹಿಡಿಯುತ್ತದೆ, ಆ ನೀರಿನಲ್ಲಿ ಈಜುತ್ತಿರುವವರ ಜೀವ ಹೋಗಬಹುದು.