ಸ್ಲ್ಯಾಬಿನ ಪಾಗಾರ: ಮರೆಗೆ ಸೈ, ಸದ್ದಿಗೆ ಅರ್ಧಂಬರ್ಧ

ರಸ್ತೆ ಮಟ್ಟಕ್ಕೆ ಮಣ್ಣು ತುಂಬಿಸಿ ಕಟ್ಟಿದ ಹೋಟೆಲು, ಅದರ ಹಿಂದೆ ಮೂರು ನಾಲ್ಕಡಿ ತಗ್ಗಿನಲ್ಲಿ ಹಳೇ ಮನೆ. ತಲಪಾಡಿ–ಚೆಂಗಳ ನಡುವೆ ಹೆದ್ದಾರಿ 66 ಆರು ಪಥವಾದ ಮೇಲೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಇಂಥ ಜೋಡಿಗಳು ಕಣ್ಣಿಗೆ ಬೀಳುತ್ತವೆ. ನಡುವೆ ಮರೆಗೆಂದು ಹಾಕಿಸುವ ರೆಡಿಮೇಡ್ ಕಾಂಕ್ರೀಟ್ ಸ್ಲ್ಯಾಬಿನ ಪಾಗಾರದ (ಕಾಂಪೌಂಡ್ ಗೋಡೆಯ) ವಿಮರ್ಶೆ ಇದು.

ಕಂಬದ ಎರಡೂ ಕಡೆ ಮೇಲಿಂದ ಕೆಳಗಿನ ತನಕ ಗಾಡಿ (ಸ್ಲಾಟ್), ಅದರೊಳಗೆ ಒಂದರ ಮೇಲೊಂದು ಇಳಿಸುವ ಸ್ಲ್ಯಾಬು. ಸಾಮಾನ್ಯವಾಗಿ ಸ್ಲ್ಯಾಬು ಎರಡಿಂಚು ದಪ್ಪ, ಒಂದಡಿ ಎತ್ತರ, ಆರೇಳು ಅಡಿ ಉದ್ದ. ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಗಿಂತ ಜಾಗ ಕಡಿಮೆ ತಿನ್ನುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಕಣ್ಮರೆಗೆ ಒಳ್ಳೆಯದೇ. ಹಸಿರು ನೆಟ್ಟಿಗೆ ಹೋಲಿಸಲೇಬಾರದು. ರಾತ್ರಿ ಅಂಗಳದಲ್ಲಿ ಲೈಟ್ ಹಾಕಿದರೆ ನೆಟ್ಟಿನ ಆಚೆ ಕತ್ತಲಲ್ಲಿ ನಿಂತವನಿಗೆ ಎಲ್ಲ ಕಾಣುತ್ತದೆ. ಜೂನ್ ಗಾಳಿಗೆ ನೆಟ್ಟು ಹಾಯಿಯ ಹಾಗೆ ಉಬ್ಬಿ ತಂತಿ ಕಟ್ಟಿದಲ್ಲೇ ಹರಿಯುತ್ತದೆ. ತಗಡಿನ ಶೀಟು ಹಾಕಿದರೆ ಮಳೆಯ ಸದ್ದೇ ಇನ್ನೊಂದು ಉಪದ್ರ, ಸಮುದ್ರದ ಉಪ್ಪುಗಾಳಿಗೆ ಸ್ಕ್ರೂ ಸುತ್ತ ತುಕ್ಕು ಬೇರೆ.

ಸದ್ದಿನ ವಿಷಯಕ್ಕೆ ಬಂದರೆ ಲೆಕ್ಕ ಬಿಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವ್ಯಾಪಾರ ವಲಯಕ್ಕೆ 55 ಡೆಸಿಬೆಲ್, ವಸತಿ ವಲಯಕ್ಕೆ 45. ನಡುವಿನ ಆ 10 ಡೆಸಿಬೆಲ್ಲನ್ನು ಪಾಗಾರವೇ ನುಂಗಬೇಕು. ಸದ್ದಿನ ಮೂಲ ಕಣ್ಣಿಗೆ ಮರೆಯಾಗುವಷ್ಟು ಮಾತ್ರ ಎತ್ತರವಿದ್ದರೆ ಸಿಗುವುದು ಸುಮಾರು 5 ಡೆಸಿಬೆಲ್ ಇಳಿಕೆ. ಎರಡಿಂಚು ಕಾಂಕ್ರೀಟಿನ ತೂಕ ಚದರ ಮೀಟರಿಗೆ 120 ಕಿಲೋ, ಸದ್ದು ತಡೆಯಲು ತೂಕಕ್ಕೆ ಕೊರತೆಯಿಲ್ಲ. ಸದ್ದು ನುಸುಳುವುದು ಗಾಡಿಯ ಸಡಿಲಿನಲ್ಲಿ, ಸ್ಲ್ಯಾಬುಗಳ ನಡುವಿನ ಸಂದಿಯಲ್ಲಿ. ಕತ್ತಲಾದ ಮೇಲೆ ಆಚೆ ಒಬ್ಬರು ಟಾರ್ಚ್ ಹಿಡಿದು ನಡೆಯಲಿ. ಈಚೆ ಬೆಳಕಿನ ಗೆರೆ ಎಲ್ಲೆಲ್ಲಿ ಮೂಡುತ್ತದೋ ಅಲ್ಲೆಲ್ಲ ಸದ್ದಿಗೂ ದಾರಿ. ಬರೀ ಸಿಮೆಂಟ್ ಗಾರೆ ಮೆತ್ತಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಸಂದಿಗೆ ಫೋಮ್ ಹಗ್ಗ ತುರುಕಿ ಮೇಲೆ ಸೀಲೆಂಟ್ (ರಬ್ಬರಿನಂತೆ ಹಿಗ್ಗುವ ಅಂಟು) ಎಳೆಯಿರಿ. ದಾಸವಾಳದ ಬೇಲಿ ಸದ್ದು ತಡೆಯುತ್ತದೆ ಎನ್ನುವುದು ಬರೀ ಸಮಾಧಾನ. 30 ಮೀಟರ್ ದಟ್ಟ ಕಾಡಿದ್ದರೆ 5 ಡೆಸಿಬೆಲ್ ಇಳಿಯಬಹುದು.

ಜನರೇಟರಿಗೂ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೂ ಪಾಗಾರದಲ್ಲಿ ಮದ್ದಿಲ್ಲ. ಕ್ಯಾನೊಪಿ (ಸದ್ದು ತಗ್ಗಿಸುವ ಪೆಟ್ಟಿಗೆ) ಇರುವ ಜನರೇಟರೇ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ತನಕ ಸದ್ದು ಮಾಡಬಹುದು. ಅದನ್ನು ರಸ್ತೆ ಕಡೆಗೆ ಸರಿಸಿ, ಫ್ಯಾನಿನ ಗಾಳಿಯನ್ನು ಕೊಳವೆಯಲ್ಲಿ ಮಾಡಿನ ಮೇಲಕ್ಕೆ ಒಯ್ಯಿರಿ.

ನಿಜವಾದ ಎಡವಟ್ಟು ಎತ್ತರದಲ್ಲಿ. "ಆರಡಿ ಪಾಗಾರ" ಎಂದು ಕರಾರಿನಲ್ಲಿ ಬರೆದು ಮನೆಯ ನೆಲದಿಂದ ಅಳೆದರೆ, ಮೂರಡಿ ಮೇಲಿರುವ ಹೋಟೆಲಿನ ಅಂಗಳದಿಂದ ಉಳಿಯುವುದು ಮೂರೇ ಅಡಿ. ಕೈ ತೊಳೆಯಲು ಬಂದವನಿಗೆ ಮನೆಯ ಜಗಲಿ ನೇರ ಕಾಣುತ್ತದೆ. ಅಮೆರಿಕದ ಹಲವು ಊರುಗಳ ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ) ನಿಯಮಗಳಲ್ಲಿ ವ್ಯಾಪಾರದ ಜಾಗ ಮನೆಗೆ ತಾಗುವಲ್ಲಿ ಆರಡಿಯ ಮರೆ ಕಡ್ಡಾಯ. ಯಾವ ಕಡೆಯ ನೆಲದಿಂದ ಎನ್ನುವ ಒಂದು ಸಾಲು ಬಿಟ್ಟುಹೋದರೆ ನಿಯಮವೂ ಅಷ್ಟೇ, ಕರಾರೂ ಅಷ್ಟೇ. "ಎತ್ತರದ ಕಡೆಯ ನೆಲದಿಂದ" ಎಂದು ಬರೆಸಿ.

ಹಾಗೆಂದು ತುಂಬಿಸಿದ ಮಣ್ಣನ್ನು ಕೆಳಗಿನ ಸ್ಲ್ಯಾಬಿಗೆ ಒರಗಿಸಬೇಡಿ. ಇದು ಮಣ್ಣು ಹೊರುವ ಗೋಡೆಯಲ್ಲ. ಮಳೆಗಾಲದಲ್ಲಿ ನೀರು ಕುಡಿದ ಮಣ್ಣು ತಳ್ಳಿ ಮೊದಲು ಹೊಟ್ಟೆ ಉಬ್ಬುತ್ತದೆ, ಆಮೇಲೆ ಕಂಬ ವಾಲುತ್ತದೆ. ಅಂಗಳದ ಮಟ್ಟದವರೆಗೆ ಮುರಕಲ್ಲಿನ ತಡೆಗೋಡೆ ಕಟ್ಟಿ, ನೀರಿಗೆ ತೂತು ಬಿಟ್ಟು, ಮೇಲೆ ಕಾಂಕ್ರೀಟ್ ಬೆಲ್ಟಿನಲ್ಲಿ ಕಂಬ ನಿಲ್ಲಿಸಬೇಕು. ಸಮತಟ್ಟು ಜಾಗವಾದರೆ ಎರಡಡಿ ಹುಗಿದು ಕಾಂಕ್ರೀಟ್ ಹಾಕಿದರೆ ಸಾಕು. ಆದರೆ ಹೊಸದಾಗಿ ತುಂಬಿಸಿದ ಮಣ್ಣನ್ನು ಆ ಎರಡಡಿಯ ಲೆಕ್ಕಕ್ಕೆ ಹಿಡಿಯಬಾರದು, ಹಳೇ ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು.

ಸ್ಲ್ಯಾಬು ಇಳಿಸುವಾಗ ಅಂಚು ನೋಡಿ. ತಂತಿ ಹೊರಗೆ ಇಣುಕುತ್ತಿದ್ದರೆ ವಾಪಸ್ ಕಳಿಸಿ. ಕರಾವಳಿಯಲ್ಲಿ ಅದು ಬೇಗ ಕಂದು ಗೆರೆ ಬಿಡುತ್ತದೆ. ದರವನ್ನು ಉದ್ದದ ಅಡಿ ಲೆಕ್ಕದಲ್ಲಿ ಹೇಳಿದರೆ ಎತ್ತರ, ಹುಗಿಯುವ ಆಳ, ಸಂದಿ ಮುಚ್ಚುವ ಕೆಲಸ ಸೇರಿದೆಯೇ ಕೇಳಿ. ಸಂದಿಯ ಕೆಲಸ ಸಾಮಾನ್ಯವಾಗಿ ಸೇರಿರುವುದಿಲ್ಲ. ಟಾರ್ಚ್ ಪರೀಕ್ಷೆ ಆಗುವ ತನಕ ಬಾಕಿ ದುಡ್ಡು ಕೈಯಲ್ಲೇ ಇರಲಿ.