ಪೋಸ್ಟ್‌ಡಾಕ್ ಕಚೇರಿ: ಬೋರ್ಡು ಹಾಕಿದರಷ್ಟೇ ಸಾಲದು

ಪಿಎಚ್.ಡಿ. ಮುಗಿಸಿ ಸಂಶೋಧನೆಯಲ್ಲಿರುವವರು, ಅಂದರೆ ಪೋಸ್ಟ್‌ಡಾಕ್‌ಗಳು, ವಿದ್ಯಾರ್ಥಿಗಳ ಪಟ್ಟಿಯಲ್ಲೂ ಇಲ್ಲ, ಅಧ್ಯಾಪಕರ ಪಟ್ಟಿಯಲ್ಲೂ ಇಲ್ಲ. ಇವರಿಗಾಗಿ ವಿಶ್ವವಿದ್ಯಾಲಯಗಳು ತೆರೆಯುವ ಕಚೇರಿಯ ಸೇವೆ ಹೇಗಿದೆ ಎಂದು ತಿಳಿಯಲು ಒಂದು ಪ್ರಶ್ನೆ ಕೇಳಿ ನೋಡಿ: ‘ನಿಮ್ಮಲ್ಲಿ ಪೋಸ್ಟ್‌ಡಾಕ್‌ಗಳು ಎಷ್ಟು ಜನ?’ ಥಟ್ಟನೆ ಉತ್ತರ ಬಂದರೆ ಅರ್ಧ ಪಾಸು.

ಬಾರದಿರಲು ಕಾರಣವಿದೆ. ಒಂದೇ ಕೆಲಸಕ್ಕೆ ರಿಸರ್ಚ್ ಅಸೋಸಿಯೇಟ್, ಫೆಲೋ, ವಿಸಿಟಿಂಗ್ ಸೈಂಟಿಸ್ಟ್ ಎಂದು ವಿಭಾಗಕ್ಕೊಂದು ಹೆಸರು. ಪ್ರಾಜೆಕ್ಟ್ ಹಣದಲ್ಲಿ ಸಂಬಳ ಪಡೆಯುವವರು ನೌಕರರ ಲೆಕ್ಕದಲ್ಲಿ ಸಿಗುತ್ತಾರೆ. ಹೊರಗಿನ ಫೆಲೋಶಿಪ್ ನೇರವಾಗಿ ಪಡೆಯುವವರು ಎಷ್ಟೋ ಸಲ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹುದ್ದೆಯ ಹೆಸರುಗಳನ್ನು ಎರಡು ಮೂರಕ್ಕೆ ಇಳಿಸಿ, ಸಂಬಳದ ವಿಭಾಗದ ಪಟ್ಟಿಯನ್ನೂ ಫೆಲೋಶಿಪ್ ಪಟ್ಟಿಯನ್ನೂ ತಿಂಗಳಿಗೊಮ್ಮೆ ತಾಳೆ ನೋಡಬೇಕು. ಬೇಸರದ ಕೆಲಸವೇ. ಆದರೆ ಇದನ್ನು ಬಿಟ್ಟು ಸ್ವಾಗತ ಸಮಾರಂಭಕ್ಕೆ ಇಳಿದರೆ ಆಹ್ವಾನವೇ ಹಲವರಿಗೆ ತಲುಪುವುದಿಲ್ಲ.

ಮುಂದಿನದು ನೇಮಕಾತಿ ಪತ್ರ. ಅವಧಿ, ಸಂಬಳ, ರಜೆ, ವಿಮೆ, ಹಣದ ಮೂಲ, ಮುಂದುವರಿಸದಿದ್ದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು; ಕಚೇರಿ ನೋಡದೆ ಪತ್ರ ಹೊರಡಬಾರದು. ಎಡವುವುದು ಫೆಲೋಶಿಪ್ ವಿಷಯದಲ್ಲಿ. ಅಮೆರಿಕದಲ್ಲಿ ಪ್ರಾಜೆಕ್ಟ್ ಸಂಬಳದಲ್ಲಿದ್ದವರು ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಫೆಲೋಶಿಪ್ ಗೆದ್ದರೆ ಕಾಗದದ ಮೇಲೆ ನೌಕರರಾಗಿ ಉಳಿಯದೆ, ನೌಕರರ ವಿಮೆ, ನಿವೃತ್ತಿ ನಿಧಿಯ ವಂತಿಗೆ ಕಳೆದುಕೊಳ್ಳುವುದುಂಟು. ಗೆದ್ದದ್ದಕ್ಕೆ ದಂಡ! ಒಳ್ಳೆಯ ಕಚೇರಿ ಈ ಕೊರತೆ ತುಂಬುವ ನಿಯಮವನ್ನು ಮೊದಲೇ ಮಾಡಿಸಿಕೊಂಡಿರುತ್ತದೆ.

ಕಾರ್ಯಾಗಾರಗಳಿಗೆ ಹೆಚ್ಚು ಅಂಕ ಕೊಡಲಾಗದು. ಅನುದಾನದ ಅರ್ಜಿ ಬರೆಯುವ ತರಬೇತಿ ಬೇಕಾದಷ್ಟಿದೆ, ಹೋಗಲು ಬಿಡುವಿಲ್ಲ. ಬ್ರಿಟನ್ನಿನಲ್ಲಿ 2019ರಲ್ಲಿ ಪರಿಷ್ಕರಿಸಿದ ಸಂಶೋಧಕರ ಒಡಂಬಡಿಕೆ ವೃತ್ತಿ ಬೆಳವಣಿಗೆಗೆ ವರ್ಷಕ್ಕೆ ಕನಿಷ್ಠ 10 ದಿನ ಕೊಡಬೇಕೆನ್ನುತ್ತದೆ. ಅಂಥ ಲಿಖಿತ ಹಕ್ಕಿಲ್ಲದ ಕಡೆ ‘ಪ್ರಯೋಗ ಅರ್ಧಕ್ಕೆ ನಿಂತಿದೆಯಲ್ಲ’ ಎಂದು ಗೈಡ್ ಅಂದರೆ ಮುಗಿಯಿತು. ಅವಧಿಯ ಎಣಿಕೆಯೂ ಕಚೇರಿಯದೇ: ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2014ರ ವರದಿ ಒಟ್ಟು 5 ವರ್ಷದ ಮಿತಿ ಸೂಚಿಸಿತ್ತು. ನಾಲ್ಕನೇ ವರ್ಷದಲ್ಲೇ ಗೈಡ್‌ಗೂ ಸಂಶೋಧಕರಿಗೂ ಸೂಚನೆ ಹೋಗಬೇಕು. ಕೊನೆಯ ತಿಂಗಳಲ್ಲಿ ಹೋದರೆ ಬೇರೆ ಕೆಲಸ ಹುಡುಕಲು ಸಮಯವೆಲ್ಲಿ?

ಜಗಳ ಬಿಡಿಸುವ ಕೆಲಸದಲ್ಲಿ ಹೆಚ್ಚಿನ ಕಚೇರಿಗಳು ಸೋಲುತ್ತವೆ. ಯಾರ ಮೇಲೆ ದೂರೋ ಅವರದೇ ಶಿಫಾರಸು ಪತ್ರ ಬೇಕು, ವೀಸಾ ಇದ್ದರೆ ಅದೂ ಆ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಹೀಗಾಗಿ ಮೊದಲ ಮಾತುಕತೆ ಗುಟ್ಟಾಗಿರಬೇಕು, ಕಚೇರಿಯ ಮುಖ್ಯಸ್ಥರು ಸಂಶೋಧನೆಯ ಹೊಣೆ ಹೊತ್ತ ಹಿರಿಯ ಅಧಿಕಾರಿಗೆ ನೇರವಾಗಿ ವರದಿ ಮಾಡುವಂತಿರಬೇಕು. ದೂರು ಕೊಡುವವರ ವಿಭಾಗದ ಪ್ರಾಧ್ಯಾಪಕರಿಗೇ ‘ಹೆಚ್ಚುವರಿ ಹೊಣೆ’ ಎಂದು ಈ ಕುರ್ಚಿ ಕೊಟ್ಟಿದ್ದರೆ ಆ ಬಾಗಿಲು ತಟ್ಟುವವರು ಇರುವುದಿಲ್ಲ.